ಕಂಕಾಳೀ ದಿಬ್ಬದ ಕಲ್ಲುಗಳು ಹೇಳಿದ್ದೆಷ್ಟು?

ಮಥುರಾ ನಗರದ ನೈರುತ್ಯದ ಅಂಚಿನಲ್ಲಿ ಕಂಕಾಳೀ ಟೀಲಾ ಎಂಬ ಮಣ್ಣಿನ ದಿಬ್ಬವೊಂದಿದೆ. ಆ ಹೆಸರು ಬಂದದ್ದು ದಿಬ್ಬದ ಮೇಲಿನ ಸಣ್ಣ ಗುಡಿಯಿಂದ. ಗುಡಿಯಲ್ಲಿ ಕಂಕಾಳೀದೇವಿ ಎಂದು ಪೂಜೆಗೊಳ್ಳುತ್ತಿದ್ದುದು ಕೆತ್ತನೆಯುಳ್ಳ ಹಳೆಯ ಕಂಬದ ಒಂದು ತುಂಡು. ಅದು ಯಾವ ಕಟ್ಟಡದ ಕಂಬ, ಯಾರು ನಿಲ್ಲಿಸಿದ್ದು ಎಂಬ ನೆನಪು ಊರಿನಲ್ಲಿ ಅಳಿದುಹೋಗಿ ಶತಮಾನಗಳೇ ಕಳೆದಿದ್ದವು. ಕಲ್ಲು ಉಳಿದಿತ್ತು, ಅದಕ್ಕೆ ಸಲ್ಲುವ ಭಕ್ತಿಯೂ ಉಳಿದಿತ್ತು. ಅದರ ಅರ್ಥ ಮಾತ್ರ ಮರೆತುಹೋಗಿತ್ತು. ಜೈನಧರ್ಮದ ಪ್ರಾಚೀನ ಇತಿಹಾಸವನ್ನು ಕುರಿತು ಜಗತ್ತಿನ ವಿದ್ವಾಂಸರು ತಳೆದಿದ್ದ ಅಭಿಪ್ರಾಯವನ್ನು ಬದಲಿಸಿದ ಕಲ್ಲುಗಳು ಇದೇ ದಿಬ್ಬದ ಒಡಲಲ್ಲಿದ್ದವು.

ಆ ಅಭಿಪ್ರಾಯ ಏನಾಗಿತ್ತೆಂಬುದನ್ನು ಮೊದಲು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪಂಡಿತರಲ್ಲಿ ಎಚ್. ಎಚ್. ವಿಲ್ಸನ್ ಜೈನಮತವನ್ನು ಸಾಕಷ್ಟು ಈಚಿನದೆಂದು ಬಗೆದಿದ್ದರು. ಲಾಸ್ಸೆನ್ ಅದನ್ನು ಬೌದ್ಧಮತದ ಒಂದು ಕವಲೆಂದು ನಿರ್ಣಯಿಸಿದ್ದರು. 1879ರಲ್ಲಿ ಹರ್ಮನ್ ಯಾಕೋಬಿ ಕಲ್ಪಸೂತ್ರವನ್ನು ಸಂಪಾದಿಸಿ, ಪಾಳಿ ಗ್ರಂಥಗಳ ನಿಗಂಠ ನಾತಪುತ್ತನೇ ವರ್ಧಮಾನ ಮಹಾವೀರನೆಂದು ಸಮರ್ಥವಾಗಿ ವಾದಿಸಿದ ಮೇಲೂ ಸಂಶಯ ಪೂರ್ಣವಾಗಿ ತೊಲಗಲಿಲ್ಲ. ಕಲ್ಪಸೂತ್ರದಲ್ಲಿ ಬರುವ ಸ್ಥವಿರಾವಳಿ, ಅಂದರೆ ಗಣ, ಕುಲ, ಶಾಖೆಗಳ ಆಚಾರ್ಯಪರಂಪರೆಯ ಪಟ್ಟಿ, ನಂಬಿಕೆಗೆ ಅರ್ಹವೇ? ಗ್ರಂಥಗಳು ವಲಭಿಯಲ್ಲಿ ಲಿಪಿಬದ್ಧವಾದದ್ದು ಮಹಾವೀರನ ನಿರ್ವಾಣಕ್ಕೆ ಸಾವಿರ ವರ್ಷಗಳಷ್ಟು ಈಚೆಗೆ. ಹೀಗಿರುವಾಗ ನಡುವಿನ ಹೆಸರುಗಳನ್ನು ಯಾರೋ ತಮ್ಮ ಪಂಥದ ಗೌರವಕ್ಕಾಗಿ ಜೋಡಿಸಿರಬಾರದೇಕೆ? ಫ್ರಾನ್ಸಿನ ಬಾರ್ತ್ ಮೊದಲಾದವರು ಎತ್ತಿದ ಈ ಪ್ರಶ್ನೆ ಅನ್ಯಾಯದ್ದೇನಲ್ಲ. ಪುಸ್ತಕಕ್ಕೆ ಆ ಪುಸ್ತಕವೇ ಸಾಕ್ಷಿಯಾಗಲಾರದು.

ಉತ್ತರ ಬಂದದ್ದು ನೆಲದೊಳಗಿನಿಂದ. 1871ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ದಿಬ್ಬದ ಒಂದು ಪಾರ್ಶ್ವವನ್ನು ಅಗೆಸಿ ಕೆಲವು ಶಾಸನಗಳನ್ನು ಪ್ರಕಟಿಸಿದ್ದರು. ವಿಯೆನ್ನಾದ ಗೇಯೋರ್ಗ್ ಬ್ಯೂಲರ್ ಅವನ್ನು ಮತ್ತೆ ಓದಿ, ಅಲ್ಲಿ ಬರುವ ಗಣ–ಕುಲ–ಶಾಖೆಗಳ ಹೆಸರುಗಳು ಸ್ಥವಿರಾವಳಿಯ ಹೆಸರುಗಳೇ ಎಂದು 1887ರಲ್ಲಿ ತೋರಿಸಿದರು. ಇನ್ನಷ್ಟು ಅಗೆಯಬೇಕೆಂಬ ಅವರ ಒತ್ತಾಸೆಯ ಮೇಲೆ, ಲಖನೌ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎ. ಫ್ಯೂರರ್ 1888ರಿಂದ 1891ರ ವರೆಗೆ ಮೂರು ಋತುಗಳ ಕಾಲ ಕಂಕಾಳಿಯಲ್ಲಿ ಉತ್ಖನನ ನಡೆಸಿದರು. 47 ಅಡಿ ವ್ಯಾಸದ ಇಟ್ಟಿಗೆಯ ಸ್ತೂಪ, ಎರಡು ದೇವಾಲಯಗಳ ಅವಶೇಷ, ನೂರಾರು ಶಿಲ್ಪಗಳು ಬೆಳಕಿಗೆ ಬಂದವು. ಅದುವರೆಗೆ ಸ್ತೂಪವೆಂದರೆ ಬೌದ್ಧರದ್ದೇ ಎಂಬುದು ವಿದ್ವಾಂಸರ ರೂಢಿಯ ನಂಬಿಕೆ. ಜೈನರೂ ಸ್ತೂಪಗಳನ್ನು ಕಟ್ಟಿ ಪೂಜಿಸಿದ್ದರೆಂಬುದು ಇಲ್ಲಿ ಇಟ್ಟಿಗೆ ಕಲ್ಲುಗಳಲ್ಲೇ ಸಿದ್ಧವಾಯಿತು.

ಈ ಶೋಧಗಳ ಮುಖ್ಯ ಗ್ರಂಥ ವಿನ್ಸೆಂಟ್ ಸ್ಮಿತ್ ಬರೆದು 1901ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹೊರತಂದ ‘ಮಥುರೆಯ ಜೈನ ಸ್ತೂಪ ಹಾಗೂ ಇತರ ಪ್ರಾಚೀನ ಅವಶೇಷಗಳು’. ಜೈನ ಸಮಾಜದ ಸ್ಮರಣ ಸಂಚಿಕೆಗಳಲ್ಲಿ, ಭಾಷಣಗಳಲ್ಲಿ, ಇತಿಹಾಸದ ಕಿರುಹೊತ್ತಿಗೆಗಳಲ್ಲಿ ಇಷ್ಟು ಬಾರಿ ಹೆಸರಿಸಲ್ಪಟ್ಟೂ ಇಷ್ಟು ಕಡಮೆ ಓದಲ್ಪಟ್ಟ ಪುಸ್ತಕ ಇನ್ನೊಂದು ಇರಲಾರದು. ಹೆಸರಿಸುವವರೆಲ್ಲ ಹೆಚ್ಚುಕಡಮೆ ಒಂದೇ ವಾಕ್ಯಕ್ಕಾಗಿ ಹೆಸರಿಸುತ್ತಾರೆ: ಕಂಕಾಳಿಯ ಸ್ತೂಪ ಪ್ರಾಯಃ ಭಾರತದಲ್ಲಿ ತಿಳಿದುಬಂದಿರುವ ಅತ್ಯಂತ ಪ್ರಾಚೀನ ಕಟ್ಟಡವೆಂಬ ಸ್ಮಿತ್‌ರ ಅಭಿಪ್ರಾಯ. ಆ ಅಭಿಪ್ರಾಯ ಎಷ್ಟು ಗಟ್ಟಿಯೆಂಬುದನ್ನು ಪರೀಕ್ಷಿಸುವ ಮುನ್ನ, ಪುಸ್ತಕದಲ್ಲಿ ನಿಜವಾಗಿ ಗಟ್ಟಿಯಾದದ್ದು ಯಾವುದೆಂದು ನೋಡುವುದು ನ್ಯಾಯ.

ಗಟ್ಟಿಯಾದವು ಶಾಸನಗಳು. ಪ್ರತಿಮೆಗಳ ಪೀಠಗಳ ಮೇಲೆ, ಆಯಾಗಪಟಗಳೆಂಬ ಪೂಜಾಫಲಕಗಳ ಅಂಚಿನಲ್ಲಿ, ತೋರಣಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಕೊರೆದ ಒಂದೆರಡು ಸಾಲಿನ ಬರಹಗಳು. ಇವುಗಳಲ್ಲಿ ತೀರ ಹಳೆಯದೆಂದು ಗಣಿತವಾದದ್ದು ಶ್ರಮಣ ಮಾಹರಖಿತನ ಶಿಷ್ಯ, ಶ್ರಾವಕ ಉತ್ತರದಾಸಕನು ಮಾಡಿಸಿದ ತೋರಣದ ಬರಹ; ಲಿಪಿಯ ಆಧಾರದಿಂದ ಅದು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು. ಈಚಿನವು ಕ್ರಿಸ್ತಶಕ ಹನ್ನೊಂದನೆಯ ಶತಮಾನದವು. ಒಂದೇ ಸ್ಥಳದಲ್ಲಿ ಸುಮಾರು ಸಾವಿರದ ಇನ್ನೂರು ವರ್ಷಗಳ ಜೈನ ಉಪಾಸನೆ. ಅದಕ್ಕೆ ಯಾವ ಪುರಾಣದ ಆಸರೆಯೂ ಬೇಕಿಲ್ಲ.

ಕಲ್ಲು ಪುಸ್ತಕಕ್ಕೆ ಸಾಕ್ಷಿಯಾದ ಬಗೆಯನ್ನು ತಿಳಿಯಲು ಒಂದು ಚಿಕ್ಕ ಉದಾಹರಣೆ ಸಾಕು. ಕಲ್ಪಸೂತ್ರದ ಹಸ್ತಪ್ರತಿಗಳಲ್ಲಿ ‘ಚಾರಣ ಗಣ’ ಎಂಬ ಹೆಸರಿದೆ. ಮಥುರೆಯ ಕಲ್ಲುಗಳಲ್ಲಿ ಅದು ಸ್ಪಷ್ಟವಾಗಿ ‘ವಾರಣ ಗಣ’. ನಾಗರಿಯ ಚಕಾರ ವಕಾರಗಳನ್ನು ಬಲ್ಲವರಿಗೆ ತಪ್ಪು ಎಲ್ಲಿ ಹೊಕ್ಕಿತೆಂದು ವಿವರಿಸಬೇಕಾಗಿಲ್ಲ. ಯಾವನೋ ಲಿಪಿಕಾರನ ಕಣ್ಣು ಜಾರಿತು, ಮುಂದಿನವರು ಅದನ್ನೇ ನಕಲು ಮಾಡಿದರು. ಆದರೆ ಈ ಚಿಕ್ಕ ತಪ್ಪೇ ದೊಡ್ಡ ಸತ್ಯವೊಂದಕ್ಕೆ ಪ್ರಮಾಣ. ಪಟ್ಟಿಯನ್ನು ಈಚೆಗೆ ಕಲ್ಪಿಸಿ ಬರೆದಿದ್ದರೆ, ಅದು ನೆಲದಲ್ಲಿ ಹೂತುಹೋಗಿದ್ದ ಕಲ್ಲುಗಳೊಡನೆ ಇಷ್ಟು ಹತ್ತಿರಕ್ಕೆ ಬರುವಂತೆಯೇ ಇರಲಿಲ್ಲ. ಒಂದಕ್ಷರ ತಪ್ಪಿದ ನೆನಪು, ನೆನಪು ನಿಜವೆಂಬುದಕ್ಕೆ ಗುರುತು. ಕೋಟ್ಟಿಯ ಗಣ, ವೈರಿ ಶಾಖೆ, ಉಚ್ಚೆನಾಗರೀ ಶಾಖೆ, ಬ್ರಹ್ಮದಾಸಿಕ ಕುಲ, ಹೀಗೆ ಒಂದರ ಹಿಂದೊಂದು ಹೆಸರು ಪುಸ್ತಕದಿಂದ ಎದ್ದು ಕಲ್ಲಿನ ಮೇಲೆ ಬಂದು ನಿಂತವು. ತತ್ತ್ವಾರ್ಥಸೂತ್ರದ ಭಾಷ್ಯದ ಪ್ರಶಸ್ತಿಯಲ್ಲಿ ಉಮಾಸ್ವಾತಿಯ ಶಾಖೆಯೆಂದು ಹೇಳಿರುವುದೂ ಈ ಉಚ್ಚೆನಾಗರಿಯನ್ನೇ. ಆ ಭಾಷ್ಯ ಸೂತ್ರಕಾರರದೇ ಎಂಬುದನ್ನು ದಿಗಂಬರ ಪರಂಪರೆ ಒಪ್ಪುವುದಿಲ್ಲವೆಂಬುದು ಬೇರೆಯ ಮಾತು.

ಇನ್ನು ದಾನಿಗಳು. ಮಥುರೆಯ ಕಲ್ಲುಗಳಲ್ಲಿ ರಾಜರ ಹೆಸರು ಬರುವುದು ಬಹುಮಟ್ಟಿಗೆ ವರ್ಷವನ್ನು ಹೇಳುವುದಕ್ಕೆ ಮಾತ್ರ. ದಾನ ಮಾಡಿದವರು ಬೇರೆಯೇ ಜನ. ಗಂಧದ ವ್ಯಾಪಾರಿ, ಸಾರ್ಥವಾಹ, ಅಕ್ಕಸಾಲಿಗ, ಕಮ್ಮಾರ. ಅವರಿಗಿಂತ ಹೆಚ್ಚಾಗಿ ಹೆಂಗಸರು. ಮಹಾಕ್ಷತ್ರಪ ಶೋಡಾಸನ ಕಾಲದ ಫಲಕವೊಂದನ್ನು ಮಾಡಿಸಿದವಳು ಅಮೋಹಿನಿ. ಪಾಲಘೋಷ, ಪೋಠಘೋಷ, ಧನಘೋಷ ಎಂಬ ಮೂವರು ಮಕ್ಕಳನ್ನೂ ಪುಣ್ಯದಲ್ಲಿ ಸೇರಿಸಿಕೊಂಡಿದ್ದಾಳೆ. ಮನೋಹರವಾದ ಇನ್ನೊಂದು ಆಯಾಗಪಟ ನರ್ತಕ ಫಗ್ಗುಯಶನ ಹೆಂಡತಿ ಶಿವಯಶೆಯದು. ಕುಣಿದು ಜೀವಿಸುವವನ ಮನೆಯವಳು ಅರ್ಹಂತರ ಪೂಜೆಗೆಂದು ಕಲ್ಲು ಕೊರೆಸಿದಳು, ಗಂಡನ ವೃತ್ತಿಯನ್ನು ಮರೆಮಾಚದೆ ಬರೆಸಿದಳು. ಅದನ್ನು ಬರೆಸಲು ಆಕೆಗಾಗಲಿ ಬರೆಯಲು ಸಂಘಕ್ಕಾಗಲಿ ಸಂಕೋಚವಿರಲಿಲ್ಲ. ಜಾತಿ ವೃತ್ತಿಗಳ ಮೇಲುಕೀಳು ನೋಡಿ ಬಸದಿಯ ಸಮಿತಿಗೆ ಸದಸ್ಯರನ್ನು ಆರಿಸುವ ಕಾಲದವರು ಈ ಒಂದು ಸಾಲನ್ನು ನಿಧಾನವಾಗಿ ಓದಬೇಕು.

ಆರ್ಯಿಕೆಯರ ಸ್ಥಾನ ಇನ್ನೂ ಗಮನಾರ್ಹ. ದಾನ ಕೊಟ್ಟವರ ಹೆಸರಿನ ಜೊತೆಗೆ, ಯಾರ ಪ್ರೇರಣೆಯಿಂದ ದಾನವಾಯಿತೆಂಬುದನ್ನೂ ಈ ಶಾಸನಗಳು ಹೇಳುತ್ತವೆ. ಹದಿನೈದನೆಯ ವರ್ಷದ ಸರ್ವತೋಭದ್ರ ಪ್ರತಿಮೆಯನ್ನು ತೆಗೆದುಕೊಳ್ಳಬಹುದು. (ಕಾರ್ಕಳದ ಚತುರ್ಮುಖ ಬಸದಿಯನ್ನು ಕಂಡವರಿಗೆ ನಾಲ್ಕು ದಿಕ್ಕಿಗೂ ಮುಖವಾದ ಜಿನಬಿಂಬಗಳ ಕಲ್ಪನೆ ಹೊಸದಲ್ಲ; ಅದರ ಅತಿ ಹಳೆಯ ರೂಪಗಳಲ್ಲಿ ಇದೊಂದು.) ಶ್ರೇಷ್ಠಿ ವೇಣಿಯ ಪತ್ನಿ, ಭಟ್ಟಿಸೇನನ ತಾಯಿ ಇದನ್ನು ಮಾಡಿಸಿದ್ದು ವಸುಲೆಯೆಂಬ ಆರ್ಯಿಕೆಯ ಮಾತಿನಂತೆ. ವಸುಲೆ ಸಂಗಮಿಕೆಯ ಶಿಷ್ಯೆ, ಸಂಗಮಿಕೆ ಜಯಭೂತಿಯ ಶಿಷ್ಯೆ. ಗುರುವಿನಿಂದ ಶಿಷ್ಯೆಗೆ, ಆ ಶಿಷ್ಯೆಯಿಂದ ಅವಳ ಶಿಷ್ಯೆಗೆ ಸಾಗಿದ ಪರಂಪರೆಯನ್ನು ಕಲ್ಲು ದಾಖಲಿಸಿದೆ. ಮೂವತ್ತೈದನೆಯ ವರ್ಷದ ಬರಹವೊಂದರಲ್ಲಿ ಕುಮಾರಮಿತ್ರೆಯೆಂಬ ಆರ್ಯಿಕೆಯ ಪ್ರೇರಣೆಯಿಂದ ವರ್ಧಮಾನ ಪ್ರತಿಮೆಯನ್ನು ಮಾಡಿಸಿದವನು ಗಂಧದ ವ್ಯಾಪಾರಿ ಕುಮಾರಭಟ್ಟಿ, ಆಕೆಯ ಮಗ. ಸಂಸಾರವನ್ನು ಕಂಡು, ಅದನ್ನು ತೊರೆದು, ತೊರೆದ ಮನೆಯ ಮಗನಿಗೇ ಧರ್ಮವನ್ನು ತಿಳಿಹೇಳಿದ ತಾಯಿ. ಯಾವ ಪಟ್ಟಾವಳಿಯೂ, ಯಾವ ಪುರಾಣವೂ ಈಕೆಯ ಹೆಸರನ್ನು ಉಳಿಸಲಿಲ್ಲ. ಉತ್ಖನನಗಳು ಇತಿಹಾಸವನ್ನು ತಿದ್ದುವುದು ರಾಜವಂಶಗಳ ತೇದಿಗಳನ್ನು ಸರಿಪಡಿಸಿದಷ್ಟಕ್ಕೇ ಅಲ್ಲ. ಗ್ರಂಥಕಾರರು ಬರೆಯಲು ತಕ್ಕವರೆಂದು ಎಣಿಸದವರೂ ಅಲ್ಲಿ ಎದ್ದುಬರುತ್ತಾರೆ.

ಸ್ಮಿತ್‌ರ ಪುಸ್ತಕದ ನಿಜವಾದ ಸಂಪತ್ತು ಇದು; ಅದೂ ಬಹುಮಟ್ಟಿಗೆ ಬ್ಯೂಲರ್ ಓದಿಕೊಟ್ಟದ್ದು. ಸ್ಮಿತ್‌ರ ಸ್ವಂತ ತೀರ್ಮಾನದ ಕಡೆ ಈಗ ತಿರುಗಬಹುದು.

ಶ್ರಾವಿಕೆ ದಿನಾ ಎಂಬವಳು ಮಾಡಿಸಿದ ಜಿನಪ್ರತಿಮೆಯೊಂದರ ಪೀಠ ಈ ದಿಬ್ಬದಲ್ಲಿ ದೊರೆಯಿತು. ಪ್ರತಿಮೆಯನ್ನು ‘ದೇವನಿರ್ಮಿತ’ವಾದ ಸ್ತೂಪದಲ್ಲಿ ಸ್ಥಾಪಿಸಲಾಯಿತೆಂದು ಅದರ ಬರಹ ಹೇಳುತ್ತದೆ. ಬ್ಯೂಲರ್ ಅದರ ವರ್ಷವನ್ನು 79 ಎಂದು ಓದಿದರು. ಅಂದಿನ ಜನ ಸ್ತೂಪವನ್ನು ದೇವತೆಗಳು ಕಟ್ಟಿದ್ದೆಂದು ನಂಬಬೇಕಾದರೆ, ಕಟ್ಟಿಸಿದವರ ನೆನಪು ಅಷ್ಟರಲ್ಲೇ ಅಳಿದಿರಬೇಕು. ಆದ್ದರಿಂದ ಸ್ತೂಪ ಶಾಸನಕ್ಕಿಂತ ಶತಮಾನಗಳಷ್ಟು ಹಳೆಯದು. ಇಲ್ಲಿಯವರೆಗಿನ ಊಹೆ ಸಂಯಮದ್ದು. ಸ್ಮಿತ್ ಇಲ್ಲಿಗೆ ನಿಲ್ಲಲಿಲ್ಲ. ಹದಿನಾಲ್ಕನೆಯ ಶತಮಾನದ ಜಿನಪ್ರಭಸೂರಿಯ ವಿವಿಧತೀರ್ಥಕಲ್ಪದಲ್ಲಿ ಮಥುರೆಯ ಕಥೆ ಬರುತ್ತದೆ: ಕುಬೇರಾದೇವಿ ಸುಪಾರ್ಶ್ವ ತೀರ್ಥಂಕರನಿಗಾಗಿ ಚಿನ್ನದ ಸ್ತೂಪವನ್ನು ನಿರ್ಮಿಸಿದಳು, ಪಾರ್ಶ್ವನಾಥನ ಕಾಲದಲ್ಲಿ ಅದಕ್ಕೆ ಇಟ್ಟಿಗೆಯ ಹೊದಿಕೆ ಬಂತು, ಮಹಾವೀರನಿಗೆ ಸಾವಿರದ ಮುನ್ನೂರು ವರ್ಷಗಳ ಬಳಿಕ ಬಪ್ಪಭಟ್ಟಿಸೂರಿ ಅದನ್ನು ಜೀರ್ಣೋದ್ಧಾರ ಮಾಡಿಸಿದ. ಸ್ಮಿತ್ ಈ ಕಥೆಯಿಂದ ಚಿನ್ನವನ್ನೂ ದೇವಿಯನ್ನೂ ಬಿಟ್ಟು ಇಟ್ಟಿಗೆಯನ್ನು ಮಾತ್ರ ಎತ್ತಿಕೊಂಡರು. ಪಾರ್ಶ್ವನಾಥ ಮಹಾವೀರನಿಗಿಂತ ಹಿಂದಿನವನು. ಆದ್ದರಿಂದ ಇಟ್ಟಿಗೆಯ ಸ್ತೂಪ ಕ್ರಿಸ್ತಪೂರ್ವ 600ಕ್ಕಿಂತ ಈಚಿನದಲ್ಲ. ಆದ್ದರಿಂದ ಅದು ಪ್ರಾಯಃ ಭಾರತದ ಅತಿ ಪ್ರಾಚೀನ ಕಟ್ಟಡ.

ಕಥೆಯೊಂದರ ಅರ್ಧವನ್ನು ಪವಾಡವೆಂದು ತಳ್ಳಿ, ಉಳಿದರ್ಧವನ್ನು ತೇದಿಯುಳ್ಳ ದಾಖಲೆಯೆಂದು ಹಿಡಿಯುವ ಈ ಕ್ರಮಕ್ಕೆ ತರ್ಕದ ಬೆಂಬಲವಿಲ್ಲ. ಇಟ್ಟಿಗೆಯ ಸಾಕ್ಷ್ಯವೂ ಅನುಕೂಲವಾಗಿಲ್ಲ. ಗಂಗಾ–ಯಮುನಾ ಬಯಲಿನಲ್ಲಿ ಸುಟ್ಟ ಇಟ್ಟಿಗೆಯ ಕಟ್ಟಡಗಳು ವ್ಯಾಪಕವಾಗಿ ಕಾಣತೊಡಗುವುದು ಮೌರ್ಯರ ಕಾಲದ ಹೊತ್ತಿಗೆ ಹಾಗೂ ಆ ಬಳಿಕ. ಸ್ಮಿತ್‌ರ ತೀರ್ಮಾನದ ಇನ್ನೊಂದು ತುದಿಯೂ ಬೇಗನೆ ಕುಸಿಯಿತು. 1920ರ ದಶಕದಲ್ಲಿ ಹರಪ್ಪಾ, ಮೊಹೆಂಜೊದಾರೊಗಳು ಬೆಳಕಿಗೆ ಬಂದ ಮೇಲೆ ‘ಭಾರತದ ಅತಿ ಪ್ರಾಚೀನ ಕಟ್ಟಡ’ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಶಾಸನದ ವರ್ಷವನ್ನು ಲ್ಯೂಡರ್ಸ್ 79ರ ಬದಲು 49 ಎಂದು ಓದಿದರು. ಕನಿಷ್ಕನ ಶಕೆ ಆರಂಭವಾದದ್ದು ಕ್ರಿಸ್ತಶಕ 78ರಲ್ಲಲ್ಲ, 127ರಲ್ಲಿ ಎಂದು 2001ರಲ್ಲಿ ಹ್ಯಾರಿ ಫಾಲ್ಕ್ ಮಂಡಿಸಿದ ವಾದವನ್ನು ಒಪ್ಪಿದರೆ ಈ ಬರಹದ ಕಾಲ ಇನ್ನೂ ಈಚೆಗೆ ಸರಿಯುತ್ತದೆ. 1901ರ ಮಟ್ಟಿಗೆ ಕ್ಷಮ್ಯವಾದ ಊಹೆಯನ್ನು ಶತಮಾನ ಕಳೆದ ಮೇಲೂ ಪ್ರಮಾಣವಾಕ್ಯದಂತೆ ಉದ್ಧರಿಸುತ್ತ ಬಂದವರ ತಪ್ಪನ್ನು ಸ್ಮಿತ್‌ರ ತಲೆಗೆ ಕಟ್ಟಲಾಗದು.

ಇಲ್ಲಿ ವಿಷಾದದ ಸಂಗತಿಯೆಂದರೆ, ಈ ದುರ್ಬಲ ಹೆಮ್ಮೆಯ ಗದ್ದಲದಲ್ಲಿ ನಿಜವಾದ ಹೆಮ್ಮೆ ಮರೆಯಾದದ್ದು. ಕ್ರಿಸ್ತಶಕ 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಸೋಮದೇವಸೂರಿ ಯಶಸ್ತಿಲಕ ಚಂಪುವನ್ನು ಪೂರ್ಣಗೊಳಿಸಿದ. ಅವನಿಗೆ ಆಶ್ರಯವಿತ್ತದ್ದು ವೇಮುಲವಾಡದ ಚಾಲುಕ್ಯ ಮನೆತನ, ಪಂಪನನ್ನು ಪೊರೆದ ಅರಿಕೇಸರಿಯ ಮಗನ ಆಸ್ಥಾನ. ಮಥುರೆಯಿಂದ ಅಷ್ಟು ದೂರದ ದಕ್ಷಿಣದಲ್ಲಿ ಕುಳಿತ ಈ ದಿಗಂಬರ ಆಚಾರ್ಯ ವಜ್ರಕುಮಾರನ ಕಥೆಯನ್ನು ಹೇಳುತ್ತ, ಮಥುರೆಯ ಆ ತೀರ್ಥ ಇಂದಿಗೂ ದೇವನಿರ್ಮಿತವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆಯೆಂದು ತಿಳಿಸುತ್ತಾನೆ. ಶ್ವೇತಾಂಬರ ಜಿನಪ್ರಭ ಇನ್ನೊಂದು ಕಥೆಯನ್ನು ಹೇಳುತ್ತಾನೆ. ಕಥೆಗಳು ಹೊಂದುವುದಿಲ್ಲ, ಹೆಸರು ಹೊಂದುತ್ತದೆ. ಅದೇ ಹೆಸರು ಕುಷಾಣರ ಕಾಲದ ಕಲ್ಲಿನ ಮೇಲೂ ಇದೆ. ಒಂದು ಸ್ಥಳದ ಹೆಸರನ್ನು ಎರಡು ಪರಂಪರೆಗಳು, ಒಂದು ಸುಮಾರು ಎಂಟುನೂರು ವರ್ಷ, ಇನ್ನೊಂದು ಸಾವಿರಕ್ಕೂ ಮಿಕ್ಕಿ, ಕೆಡದಂತೆ ಕಾದುಕೊಂಡು ಬಂದವು. ಕ್ರಿಸ್ತಪೂರ್ವ 600ರ ಇಟ್ಟಿಗೆ ಇಲ್ಲದಿದ್ದರೂ ಈ ಸ್ಮೃತಿ ನಿಲ್ಲುತ್ತದೆ.

ಸ್ತೂಪದ ನಿಜವಾದ ವಯಸ್ಸೇನು? ಇಟ್ಟಿಗೆಯ ಯಾವ ಸುತ್ತು ಮೊದಲಿನದು, ಯಾವುದು ದುರಸ್ತಿಯದು? ದಿನಾಳ ಪ್ರತಿಮೆಯ ಪೀಠ ಯಾವ ಪದರದಲ್ಲಿತ್ತು? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವನು ಒಬ್ಬನೇ, ಅಗೆಸಿದ ಫ್ಯೂರರ್. ಅವರು ಹೇಳಲಿಲ್ಲ. ವಸ್ತುಗಳನ್ನು ಕಿತ್ತು ಲಖನೌಗೆ ಸಾಗಿಸಿದರು, ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಯಾವ ವಸ್ತು ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂಬ ಕ್ರಮಬದ್ಧ ದಾಖಲೆಯನ್ನು ಬಿಟ್ಟುಹೋಗಲಿಲ್ಲ. ಸ್ಮಿತ್ ಬರೆಯಲು ಕುಳಿತಾಗ ಅವರ ಮುಂದಿದ್ದುದು ವಿವರಣೆಯಿಲ್ಲದ ಫಲಕಗಳು ಮತ್ತು ತೀರ ಸಂಕ್ಷಿಪ್ತವಾದ ವಾರ್ಷಿಕ ವರದಿಗಳು.

ಫ್ಯೂರರ್ ದಾಖಲೆ ಬಿಡದಿದ್ದುದು ಸೋಮಾರಿತನವಷ್ಟೇ ಆಗಿದ್ದರೆ ಮಾತು ಬೇರೆ. ಅವರು ಬರ್ಮಾದ ಭಿಕ್ಷುವೊಬ್ಬನಿಗೆ ಬುದ್ಧಧಾತುಗಳೆಂದು ಸುಳ್ಳು ಅವಶೇಷಗಳನ್ನು ಕೊಟ್ಟದ್ದು, ಅದರಲ್ಲಿ ಕುದುರೆಯ ಹಲ್ಲೊಂದು ಬುದ್ಧದಂತವೆನಿಸಿದ್ದು, ನೇಪಾಳದ ತರಾಯಿಯಲ್ಲಿ ಕಪಿಲವಸ್ತುವನ್ನು ಕಂಡೆನೆಂದು ಕಲ್ಪಿತ ವರದಿ ಕೊಟ್ಟದ್ದು 1898ರಲ್ಲಿ ಬಯಲಾಯಿತು; ಅವರು ಹುದ್ದೆಯಿಂದ ಹೊರನಡೆಯಬೇಕಾಯಿತು. ಅವರನ್ನು ನಂಬಿದ್ದ ಬ್ಯೂಲರ್ ಅದೇ ವರ್ಷದ ಏಪ್ರಿಲ್‌ನಲ್ಲಿ ಕಾನ್‌ಸ್ಟನ್ಸ್ ಸರೋವರದಲ್ಲಿ ಮುಳುಗಿ ತೀರಿಕೊಂಡರು. ಅಹಿಚ್ಛತ್ರದ ರಾಮನಗರದಲ್ಲಿ ದೊರೆತವೆಂದು ಫ್ಯೂರರ್ ವರದಿ ಮಾಡಿದ್ದ ಶಾಸನಗಳ ಕಥೆ ಸುಳ್ಳೆಂದೂ ಲಖನೌದಲ್ಲಿ ರಾಮನಗರದ ಹೆಸರಿನಲ್ಲಿದ್ದ ಪ್ರತಿಮೆಗಳು ಮಥುರೆಯವೇ ಎಂದೂ 1912ರಲ್ಲಿ ಲ್ಯೂಡರ್ಸ್ ತೋರಿಸಿಕೊಟ್ಟರು. ಕಲ್ಲುಗಳು ನಿಜ, ಅಕ್ಷರಗಳು ನಿಜ. ಅವು ಎಲ್ಲಿಂದ ಬಂದವೆಂಬ ಚೀಟಿ ಸುಳ್ಳು.

ಸ್ಮಿತ್‌ರ ಮೇಲೆ ಹೊರಿಸಬಹುದಾದ ನಿಜವಾದ ಆಕ್ಷೇಪ ಇಲ್ಲಿದೆ. ಫ್ಯೂರರ್‌ರ ತರಾಯಿ ವರದಿಯ ಸುಳ್ಳನ್ನು ಖಂಡಿಸಿ ಪೂರ್ಣಚಂದ್ರ ಮುಖರ್ಜಿಯವರ ವರದಿಗೆ ಮುನ್ನುಡಿ ಬರೆದವರು ಇದೇ ಸ್ಮಿತ್, ಅದೂ ಇದೇ 1901ರಲ್ಲಿ. ಒಂದು ಕೈಯಲ್ಲಿ ಮನುಷ್ಯನನ್ನು ಅವಿಶ್ವಸನೀಯನೆಂದು ಸಾರಿ, ಇನ್ನೊಂದು ಕೈಯಲ್ಲಿ ಅವನ ಉತ್ಖನನದ ಆಧಾರದ ಮೇಲೆಯೇ ಭಾರತದ ಅತಿ ಹಳೆಯ ಕಟ್ಟಡವನ್ನು ಘೋಷಿಸುವಾಗ ಓದುಗರಿಗೆ ಇನ್ನಷ್ಟು ಎಚ್ಚರಿಕೆ ಹೇಳಬೇಕಿತ್ತು. ಫಲಕಗಳನ್ನು ಹಾಗೆಯೇ ಕೊಳೆಯಲು ಬಿಡದೆ ಪ್ರಕಟಿಸಿದ್ದು ಅವರ ಉಪಕಾರ; ಆ ಉಪಕಾರವನ್ನು ನೆನೆದೇ ಈ ಮಾತನ್ನು ಹೇಳಬೇಕಾಗುತ್ತದೆ. ಇದೇ ಮಥುರೆಯ ಸಮೀಪದ ಸೋಂಖ್‌ನಲ್ಲಿ 1966ರಿಂದ 1974ರ ವರೆಗೆ ಹರ್ಬರ್ಟ್ ಹೆರ್ಟೆಲ್‌ರ ತಂಡ ಪದರ ಪದರವಾಗಿ ಅಗೆದು, ಪ್ರತಿ ಚೂರಿನ ಸ್ಥಾನವನ್ನೂ ಬರೆದಿಟ್ಟದ್ದನ್ನು ನೋಡಿದರೆ ಕಂಕಾಳಿಯಲ್ಲಿ ಕಳೆದುಹೋದದ್ದೆಷ್ಟೆಂದು ಅರಿವಾಗುತ್ತದೆ. ಒಮ್ಮೆ ಕೆದಕಿದ ಪದರವನ್ನು ಮತ್ತೆ ಮಡಚಿಡಲು ಬಾರದು.

ತತ್ತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೆಸರಿಸುತ್ತದೆ. ಬೇರೊಬ್ಬನು ಹೇಳದ್ದನ್ನು, ಮಾಡದ್ದನ್ನು ಹೇಳಿದನೆಂದು, ಮಾಡಿದನೆಂದು ಬರೆದಿಡುವುದು. ಫ್ಯೂರರ್‌ರ ಅಪರಾಧಕ್ಕೆ ಇದಕ್ಕಿಂತ ನಿಖರವಾದ ಹೆಸರು ಪುರಾತತ್ತ್ವಶಾಸ್ತ್ರದಲ್ಲೂ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ನ್ಯಾಸಾಪಹಾರವೂ ಇದೆ, ಅದರ ಮಾತಿಗೆ ಮುಂದೆ ಬರಬೇಕಾಗುತ್ತದೆ.

ಅದಕ್ಕೆ ಮೊದಲು ಇನ್ನೊಂದು ಬಗೆಯ ಅರ್ಧಸತ್ಯವನ್ನು ಕಾಣಬೇಕು. ಮಥುರೆಯ ಸಾಕ್ಷ್ಯವನ್ನು ಎರಡು ಸಂಪ್ರದಾಯಗಳೂ ತಮಗೆ ಬೇಕಾದಷ್ಟೇ ಕತ್ತರಿಸಿಕೊಂಡಿವೆ. ಗಣ–ಕುಲಗಳು ಕಲ್ಪಸೂತ್ರದವು, ನೈಗಮೇಷನ ಶಿಲ್ಪವೂ ಅಲ್ಲಿ ದೊರೆತಿದೆ. ಆದ್ದರಿಂದ ಮಥುರೆ ತಮ್ಮದೆಂದು ಶ್ವೇತಾಂಬರ ಲೇಖಕರು. ನಿಂತ ಜಿನಬಿಂಬಗಳೆಲ್ಲ ನಗ್ನ. ಆದ್ದರಿಂದ ತಮ್ಮದೆಂದು ದಿಗಂಬರ ಲೇಖಕರು. ಎರಡೂ ಕಡೆಯವರು ಸಾಮಾನ್ಯವಾಗಿ ದಾಟಿಹೋಗುವುದು ಪೀಠಗಳ ಮೇಲೆ ಕೆತ್ತಿದ ಮುನಿಗಳ ಚಿತ್ರಗಳನ್ನು. ಅವರ ಮೈಮೇಲೆ ಉಡುಗೆಯಿಲ್ಲ. ಆದರೆ ಎಡ ಮುಂಗೈ ಮೇಲಿಂದ ಒಂದು ತುಂಡು ಬಟ್ಟೆ ಇಳಿಬಿದ್ದಿದೆ. ದಿಗಂಬರರೂ ಅಲ್ಲ, ಶ್ವೇತಾಂಬರರೂ ಅಲ್ಲ. ಅಥವಾ ಇಬ್ಬರ ಪೂರ್ವಜರೂ ಹೌದು.

ಕನ್ನಡ ನಾಡಿನ ಜೈನರಿಗೆ ಇದು ದೂರದ ವಿಷಯವೇನಲ್ಲ. ಕ್ರಿಸ್ತಶಕ 931ರಲ್ಲಿ ಹರಿಷೇಣ ಬರೆದ ಬೃಹತ್ಕಥಾಕೋಶದಲ್ಲಿ ಭದ್ರಬಾಹುವಿನ ಕಥೆಯಿದೆ: ಹನ್ನೆರಡು ವರ್ಷಗಳ ಕ್ಷಾಮ, ಸಂಘದ ಒಂದು ಭಾಗ ದಕ್ಷಿಣದ ಪುನ್ನಾಟ ವಿಷಯಕ್ಕೆ ಬಂದದ್ದು, ಉತ್ತರದಲ್ಲಿ ಉಳಿದವರು ಕಷ್ಟಕಾಲದಲ್ಲಿ ‘ಅರ್ಧಫಾಲಕ’ವೆಂಬ ಬಟ್ಟೆಯ ತುಂಡನ್ನು ಹಿಡಿದದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದ ಪ್ರತಿಯೊಬ್ಬರೂ ಈ ಕಥೆಯ ಮೊದಲರ್ಧವನ್ನು ಬಲ್ಲರು. ಎರಡನೆಯ ಅರ್ಧ ಮಥುರೆಯ ಪೀಠಗಳ ಮೇಲಿದೆ. ಮೂಡುಬಿದಿರೆಯ ಬಳಿಯ ನೆಲ್ಲಿಕಾರಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ, 2021ರಲ್ಲಿ ನಿಧನರಾದ ಪದ್ಮನಾಭ ಜೈನಿಯವರು 1995ರ ಲೇಖನವೊಂದರಲ್ಲಿ ಈ ಶಿಲ್ಪಗಳನ್ನೂ ಗ್ರಂಥಗಳನ್ನೂ ಎದುರುಬದುರಾಗಿಟ್ಟು ಪರಿಶೀಲಿಸಿದರು. ದಿಗಂಬರ ಮನೆತನದಲ್ಲಿ ಬೆಳೆದವರು ತಮ್ಮ ಸಂಪ್ರದಾಯದ ಗ್ರಂಥವನ್ನು ಎಷ್ಟು ಗೌರವದಿಂದ ಓದಿದರೋ ಎದುರಿನ ಸಂಪ್ರದಾಯದ ಗ್ರಂಥವನ್ನೂ ಅಷ್ಟೇ ಗೌರವದಿಂದ ಓದಿದ ಬಗೆ ಅನುಕರಣೀಯ. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವುದು ಸುಲಭ. ತಮಗೆ ಅನುಕೂಲವಲ್ಲದ ಕಲ್ಲಿನ ಮುಂದೆ ಅದನ್ನು ನಡೆಸುವುದು ಕಷ್ಟ.

ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಸೂಕ್ಷ್ಮವಾದದ್ದು. ಚಿನ್ನವನ್ನು ನಂಬಿ ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದುಬಿಡುವುದು. ಕದ್ದದ್ದಿಲ್ಲ, ಸುಳ್ಳನ್ನು ತಾನಾಗಿ ಹೂಡಿದ್ದೂ ಇಲ್ಲ, ಮರೆವಿಗೆ ತಲೆಯಾಡಿಸಿದ್ದಷ್ಟೆ. ಬಸದಿಗಳ ವಿಶ್ವಸ್ತ ಮಂಡಳಿಗಳ ಕೈಯಲ್ಲಿರುವ ಹಳೆಯ ಕಲ್ಲುಗಳು ಇಂಥ ನ್ಯಾಸ. ಇಟ್ಟವರು ಗತಿಸಿದ್ದಾರೆ, ಎಷ್ಟಿಟ್ಟರೆಂದು ಕೇಳುವವರಿಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ನೆಲಗಲ್ಲನ್ನು ಕಿತ್ತು ಅಮೃತಶಿಲೆ ಹಾಸುವಾಗ ಕಲ್ಲಿನ ಅಡಿಯಲ್ಲಿ ಬರಹವಿತ್ತೇ ಎಂದು ಯಾರೂ ನೋಡುವುದಿಲ್ಲ. ಪೀಠದ ಸಾಲಿನ ಮೇಲೆ ಸಿಮೆಂಟು ಮೆತ್ತಲಾಗುತ್ತದೆ, ನಿಸಿಧಿಗಲ್ಲಿಗೆ ಬಣ್ಣ ಬಳಿಯಲಾಗುತ್ತದೆ, ಭಿನ್ನವಾದ ಬಿಂಬವನ್ನು ಶಾಸ್ತ್ರೋಕ್ತವಾಗಿ ನೀರಿಗೆ ಬಿಡುವಾಗ ಅದರ ಪೀಠದ ಲೇಖವನ್ನು ನಕಲು ಮಾಡಿಕೊಳ್ಳುವ ಯೋಚನೆ ಬರುವುದಿಲ್ಲ. ಹೊಸ ದಾನಿಗಳ ಹೆಸರಿನ ಫಲಕ ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ. ಸಾವಿರ ವರ್ಷಗಳ ಹಿಂದಿನ ಶ್ರಾವಿಕೆಯ ಹೆಸರನ್ನು ಅಳಿಸಿ ಇಂದಿನ ಶ್ರಾವಕನ ಹೆಸರನ್ನು ಕೆತ್ತುವುದರಲ್ಲಿ ಪುಣ್ಯ ಯಾರದೆಂಬುದನ್ನು ಮುನಿಗಳೇ ನಿರ್ಣಯಿಸಬೇಕು.

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ, ನೋಡಿದಷ್ಟೂ ಸಿಕ್ಕಿತು. ಅಲ್ಲಿ ಕಾಲಿಟ್ಟವರು ಒಂದು ಬಂಡೆಯನ್ನೂ ನುಣ್ಣಗೆ ಉಜ್ಜಲಿಲ್ಲವೆಂಬುದರಿಂದ ಇದು ಸಾಧ್ಯವಾಯಿತು. ಊರೂರಿನ ಚಿಕ್ಕ ಬಸದಿಗಳಿಗೆ ರೈಸ್‌ರಂಥವರು ಬರುವುದಿಲ್ಲ. ಕಲ್ಲು ಕೀಳುವ ಮುನ್ನ ಒಂದು ಛಾಯಾಚಿತ್ರ, ಒಂದು ಅಚ್ಚು, ಅದು ಯಾವ ಗೋಡೆಯ ಯಾವ ಮೂಲೆಯಲ್ಲಿತ್ತೆಂಬ ಎರಡು ಸಾಲಿನ ಟಿಪ್ಪಣಿ, ಇಷ್ಟನ್ನು ಮಂಡಳಿಯ ಗುಮಾಸ್ತನೇ ಮಾಡಬಹುದು. ಫ್ಯೂರರ್ ಮಾಡದೆ ಬಿಟ್ಟದ್ದೂ ಇಷ್ಟನ್ನೇ.

ಲಖನೌ ವಸ್ತುಸಂಗ್ರಹಾಲಯದಲ್ಲಿ ಕಂಕಾಳಿಯಿಂದ ಬಂದ ಸರಸ್ವತಿಯ ಪ್ರತಿಮೆಯಿದೆ. ಈವರೆಗೆ ದೊರೆತಿರುವ ಸರಸ್ವತಿಯ ಬಿಂಬಗಳಲ್ಲಿ ಅತಿ ಹಳೆಯವುಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಕುಳಿತ ದೇವಿ, ಎಡಗೈಯಲ್ಲಿ ಪುಸ್ತಕ. ತಲೆ ಒಡೆದುಹೋಗಿದೆ, ಮುಖ ಹೇಗಿತ್ತೆಂದು ಹೇಳುವಂತಿಲ್ಲ. ಪೀಠದ ಮೇಲೆ ಐವತ್ತನಾಲ್ಕನೆಯ ವರ್ಷವೆಂದು ಬರೆದಿದೆ. ಮಾಡಿಸಿದವನು ಸೀಹನ ಮಗ ಗೋವ, ಕಬ್ಬಿಣದ ಕೆಲಸದವನು.